ಎಸ್ತರಮ್ಮ ತಡವಾಗಿ ಬಂದ ದಿನ

“ಎಸ್ತರ್ ಎಲ್ಲದಾಳ? ಅವರ ಸ್ವಾಮಿ ಬಂದು ಕರಕೊಂಡು ಹೋಗಿಬಿಟ್ಟನೇನ?” ಹಾಸಿಗೆ ಹಿಡಿದಿದ್ದ ನಮ್ಮ ಅತ್ತೆ ಗಾಬರಿಯಿಂದ ಕೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾನ್ವಿಯ ನಮ್ಮ ಮನೆಗೆ ಎಸ್ತರಮ್ಮ ದಿನಾ ಬೆಳಿಗ್ಗೆ ದೇವದುರ್ಗದ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅತ್ತೆಯ ಬೆನ್ನಿನ ಹುಣ್ಣು ತೊಳೆದು, ಮಗ್ಗುಲು ಹೊರಳಿಸಿ ಹೋಗುವುದು ಚರ್ಚಿನ ಪರವಾಗಿ ಅವರು ವಹಿಸಿಕೊಂಡ ಸೇವೆ. ಹಣೆತುಂಬ ವಿಭೂತಿ ಹಚ್ಚಿಕೊಂಡ ಅತ್ತೆ ದಿನವೂ ಕೆಣಕುತ್ತಿದ್ದರು: “ಬರ್ತಾನ, ತನ್ನ ಮಂದೀನ ಕರಕೊಂಡು ಹೋಗ್ತಾನ ಅಂತೀಯಲ್ಲ, ಬಂದನೇನವಾ ನಿಮ್ಮ ಯೇಸುಸ್ವಾಮಿ?”

“ಇನ್ನಾ ಇಲ್ರೀ ಯವ್ವಾ. ಆತ ಬರೂತನಕ ನಿಮ್ಮ ಬೆನ್ನು ನನ್ನ ಪಾಲಿಗದ,” ಎನ್ನುತ್ತಿದ್ದ ಎಸ್ತರಮ್ಮನ ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಅಂದು ಮಧ್ಯಾಹ್ನವಾದರೂ ಅವರ ಸುಳಿವಿಲ್ಲ. ನಾನೇ ತೊಳೆಯಲು ಹೋದರೆ ಅತ್ತೆ ಮುಟ್ಟಗೊಡಲಿಲ್ಲ. ಕೊನೆಗೂ ಎಸ್ತರಮ್ಮ ಬಂದರು. ಮುಖ ಕೆಂಡದಂತಾಗಿತ್ತು, ಕಾಲೆಲ್ಲ ಧೂಳು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ಉರಿಬಿಸಿಲಿನಲ್ಲಿ ನಡೆದೇ ಬಂದಿದ್ದರು. ನಾನು ಕೊಟ್ಟ ನೀರನ್ನು ಪಕ್ಕಕ್ಕಿಟ್ಟು, ಮೊದಲು ಬಿಸಿನೀರಿನ ಬೋಗುಣಿ ಕೇಳಿದರು.

ಅತ್ತೆ ಗದರಿದರು: “ನಿಮ್ಮ ಸ್ವಾಮಿಗೆ ಹೇಳು, ನಾ ಹೋಗೂತನಕ ಬರಬ್ಯಾಡ ಅಂತ.”

ಅತ್ತೆ ಈಗಿಲ್ಲ. ಎಸ್ತರಮ್ಮ ಬೇರೊಂದು ಮನೆಗೆ ಹೋಗುತ್ತಾರೆ. ಅವರನ್ನು ನೋಡಿ ಕಲಿತದ್ದರಿಂದ, ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಬೆನ್ನು ಈಗ ನಾನೇ ತೊಳೆಯುತ್ತೇನೆ. ನಾನು ಯಾವ ಸ್ವಾಮಿಯ ದಾರಿಯನ್ನೂ ಕಾಯುವವಳಲ್ಲ. ಆದರೆ ಆ ಅಜ್ಜಿ ಬಾಗಿಲ ಕಡೆ ಮುಖ ಮಾಡಿ ನನ್ನ ದಾರಿ ಕಾಯುತ್ತಿರುತ್ತಾರೆ.