ಕಂಡಕ್ಟರಮ್ಮನೂ ಬಿದಿರುಮೆಳೆಯ ಬೆಂಚೂ

ನಮ್ಮ ಬಡಾವಣೆಯ ಪಾರ್ಕಿಗೆ ಘನವಾದ ಇತಿಹಾಸವಿದೆ ಎಂದು ಅದರ ಗೇಟಿನ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕಲ್ಲಿನ ಅರ್ಧಭಾಗ ಉದ್ಘಾಟನೆಗೆ ಬಂದವರ ಹೆಸರು, ಉಳಿದರ್ಧ ಬರುತ್ತೇನೆಂದು ಹೇಳಿ ಕೈಕೊಟ್ಟವರದ್ದು. ನಿಜವಾದ ಇತಿಹಾಸವನ್ನು ಯಾರೂ ಕೆತ್ತಿಸಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಮೊದಲು ಅಲ್ಲಿ ಕಲ್ಲಿನ ಕ್ವಾರಿ ಇತ್ತು. ಕಲ್ಲೆಲ್ಲ ಸುತ್ತಲಿನ ಮನೆಗಳ ಗೋಡೆಯಾದ ಮೇಲೆ ದೊಡ್ಡದೊಂದು ಹೊಂಡ ಉಳಿಯಿತು. ಅದೇ ಮನೆಗಳ ಕಸ ಬಂದು ಆ ಹೊಂಡವನ್ನು ತುಂಬಿತು. ನಾತ ತಡೆಯಲಾಗದೆ ಜನ ಗಲಾಟೆ ಮಾಡಿದಾಗ ನಗರಸಭೆಯವರು ಮೇಲೊಂದಿಷ್ಟು ಮಣ್ಣು ಸುರಿದು, ಹುಲ್ಲು ಹಾಸಿ, ಬೇಲಿ ಹಾಕಿ, ಉದ್ಯಾನವನ ಎಂದು ಬೋರ್ಡು ನೆಟ್ಟು ಕೈತೊಳೆದುಕೊಂಡರು.

ಹೀಗೆ ಹುಟ್ಟಿದ ಪಾರ್ಕು ನುಂಗಿದ್ದನ್ನು ಇವತ್ತಿಗೂ ಅರಗಿಸಿಕೊಂಡಿಲ್ಲ. ಪ್ರತಿ ಮಳೆಗಾಲ ಮುಗಿಯುತ್ತಲೇ ಯಾರದೋ ಹವಾಯಿ ಚಪ್ಪಲಿ, ಹಲ್ಲುಮುರಿದ ಬಾಚಣಿಗೆ, ಗೊಂಬೆಯ ಕಾಲು ಹುಲ್ಲಿನ ನಡುವಿನಿಂದ ಎದ್ದು ಬರುತ್ತವೆ. ಒಂದು ವರ್ಷ ಇಡೀ ಕಮೋಡೇ ಎದ್ದು ಬಂತು. ಬಿಸಾಡುವುದೇಕೆಂದು ಮಾಲಿ ಅದರಲ್ಲಿ ಡೇರೆ ಹೂವಿನ ಗಿಡ ನೆಟ್ಟ. ಅಷ್ಟು ಸೊಂಪಾದ ಡೇರೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ನಡುಮಧ್ಯದಲ್ಲಿ ಒಂದು ಪೀಠವಿದೆ. ಅದರ ಮೇಲೆ ಯಾರ ಪ್ರತಿಮೆ ನಿಲ್ಲಬೇಕೆಂದು ಜಗಳವಾಗಿ, ಕಡೆಗೆ ಯಾರೂ ನಿಲ್ಲಲಿಲ್ಲ. ಈಗ ಅದರ ಮೇಲೆ ಸಂಧಿವಾತದವರು ಒಂದು ಕಾಲಿಟ್ಟು ಮಂಡಿ ಎಳೆದುಕೊಳ್ಳುತ್ತಾರೆ. ಯಾವ ಮಹಾಪುರುಷನಿಂದಲೂ ಇಷ್ಟು ಉಪಕಾರವಾಗುತ್ತಿರಲಿಲ್ಲ. ಇನ್ನು ಕೆಳಗಿನ ಕಸ ಕುಸಿದು ಬೆಂಚುಗಳೆಲ್ಲ ಒಂದೊಂದು ದಿಕ್ಕಿಗೆ ವಾಲಿವೆ. ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತವರು ಸ್ವಲ್ಪ ಹೊತ್ತಿನಲ್ಲೇ ಭುಜಕ್ಕೆ ಭುಜ ತಾಗಿಸಿಕೊಂಡಿರುತ್ತಾರೆ. ನಮ್ಮ ಪಾರ್ಕಿನಲ್ಲಿ ಪ್ರೇಮ ಹುಟ್ಟುವುದಕ್ಕೆ ವಯಸ್ಸಿಗಿಂತ ಇಳಿಜಾರೇ ಹೆಚ್ಚು ಕಾರಣ.

ಇಂಥ ಪಾರ್ಕಿಗೆ ಒಂದು ದಿನ ಕಂಡಕ್ಟರಮ್ಮ ಕಾಲಿಟ್ಟರು.

ಸಿಟಿ ಬಸ್ಸಿನಲ್ಲಿ ನಿಂತೇ ಸರ್ವಿಸು ಮುಗಿಸಿದ ಹೆಂಗಸು ಅವರು. ರಿಟೈರಾದ ಮೇಲೆ ಮನೆಯಲ್ಲಿ ಕೂರಲು ಬರಲಿಲ್ಲ. ಬಚ್ಚಲುಮನೆ ಬಾಗಿಲಲ್ಲಿ ನಿಂತು ಗಂಡನಿಗೆ, "ಬೇಗ ಇಳೀರಿ, ಹಿಂದೆ ಜನ ಇದಾರೆ" ಎನ್ನುತ್ತಿದ್ದರಂತೆ. ಹಿಂದೆ ಇದ್ದದ್ದು ಅವರೊಬ್ಬರೇ. ಗಂಡ ಗಡಿಯಾರ ರಿಪೇರಿಯವರು, ಭೂತಗನ್ನಡಿ ಕಣ್ಣಿಗೇರಿಸಿಕೊಂಡರೆ ಭೂಕಂಪವಾದರೂ ತಲೆಯೆತ್ತದ ಮನುಷ್ಯ. ಅವರೇ ಬೇಸತ್ತು ತಲೆಯೆತ್ತಿ, "ಪಾರ್ಕು ಅಂತ ಒಂದಿದೆಯಲ್ಲೇ, ಅಲ್ಲಿಗೆ ಹೋಗ್ಬಾರ್ದಾ?" ಎಂದರು. ಕಂಡಕ್ಟರಮ್ಮ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಹೊರಟರು.

ಬಂದವರು ಸುಮ್ಮನೆ ಸುತ್ತು ಹೊಡೆಯುವ ಪೈಕಿಯಲ್ಲ. ಎಲ್ಲರೂ ಒಂದೇ ದಿಕ್ಕಿಗೆ ನಡೆಯಬೇಕೆಂದು ಕಾನೂನು ಮಾಡಿದರು. ಎದುರುಬದುರಾಗಿ ಬಂದವರಿಗೆ ಸೀಟಿ. ಬೆಂಚಿನಲ್ಲಿ ಕಾಲುಚಾಚಿ ಮಲಗಿದವರಿಗೆ, "ಸ್ವಲ್ಪ ಸರೀರಿ, ಇನ್ನೊಬ್ರು ಕೂತ್ಕೋತಾರೆ!" ನಗೆಕೂಟದವರನ್ನು ಸಾಲಾಗಿ ನಿಲ್ಲಿಸಿ, ಒಬ್ಬರು ನಕ್ಕು ಮುಗಿಸಿದ ಮೇಲೆ ಇನ್ನೊಬ್ಬರು ನಗಬೇಕೆಂದು ಹೇಳಿದ ದಿನ ಆ ಕೂಟ ಮೊದಲ ಸಲ ನಿಜವಾಗಿ ನಕ್ಕಿತು. ವಾಕಿಂಗ್ ಸಂಘದ ಅಧ್ಯಕ್ಷರಿಗೆ ಮಾತ್ರ ಈ ಹೆಂಗಸು ಬಹಳ ಹಿಡಿಸಿದರು. ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಬಿಳಿ ಬೂಟು, ಬಿಳಿ ಟೋಪಿ, ನಡುವೆ ಬಿಳಿಚಿಕೊಂಡ ಮುಖ. ಜೋಡಿಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅವರು ಒಂದು ಶಿಸ್ತು ಸಮಿತಿ ರಚಿಸಿ ಕಂಡಕ್ಟರಮ್ಮನನ್ನು ಅದರ ಮುಖ್ಯಸ್ಥೆ ಮಾಡಿದರು. ಸದಸ್ಯರು ಬೇರೆ ಯಾರೂ ಇರಲಿಲ್ಲ.

ಅಲ್ಲಿಂದಾಚೆಗೆ ಕಾಲೇಜು ಹುಡುಗ ಹುಡುಗಿಯರ ಪಾಡು ನಾಯಿಪಾಡಾಯಿತು. ಕೈ ಹಿಡಿದರೆ ಸೀಟಿ, ಹೆಗಲಿಗೆ ತಲೆಯಿಟ್ಟರೆ ಉದ್ದ ಸೀಟಿ. "ಎಲ್ಲಿಗೆ ಹೋಗ್ಬೇಕ್ರಪ್ಪಾ? ಮುಂದಿನ ಸ್ಟಾಪಲ್ಲಿ ಇಳ್ಕೊಳ್ಳಿ" ಎಂದು ಗೇಟಿನವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ನಾನೂ ನನ್ನ ಹೆಂಡತಿಯೂ ಒಮ್ಮೆ ಸಿಕ್ಕಿಬಿದ್ದೆವು, ಪಕ್ಕದ ಮನೆಯವರೆಂಬ ರಿಯಾಯಿತಿಯೂ ಸಿಗಲಿಲ್ಲ. ನಮಗೆ ಮದುವೆಯಾಗಿದೆಯಲ್ಲ ಎಂದೆವು. "ಆಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ರಿ?" ಎಂದು ಕೇಳಿದರು. ನನ್ನ ಹೆಂಡತಿಗೆ ಆ ಪ್ರಶ್ನೆ ನ್ಯಾಯವಾಗಿಯೇ ಕಂಡಿತು.

ಒಂದು ಸಂಜೆ ಅಧ್ಯಕ್ಷರು ಓಡುನಡಿಗೆಯಲ್ಲಿ ಬಂದು, "ಮೇಡಂ, ಬಿದಿರುಮೆಳೆ ಹಿಂದಿನ ಬೆಂಚಲ್ಲಿ ಯಾರೋ ಕಿಸಿಕಿಸಿ ನಗ್ತಾ ಇದಾರೆ. ದಿನಾ ಇದೇ ಹೊತ್ತಿಗಂತೆ" ಎಂದು ಪಿಸುಗುಟ್ಟಿದರು. ಮೇಡಂ ಸೆರಗು ಬಿಗಿದು ಹೊರಟರು. ಹಿಂದೆ ಅಧ್ಯಕ್ಷರು, ಅವರ ಹಿಂದೆ ನಾವೊಂದಿಷ್ಟು ಜನ, ಮಂಡಿನೋವೆಲ್ಲ ಮರೆತು. ಮೆಳೆಯ ಮಗ್ಗುಲಿಗೆ ಹೋಗಿ ಕಂಡಕ್ಟರಮ್ಮ ಎದೆತುಂಬ ಉಸಿರೆಳೆದು ಸೀಟಿ ಊದಿದರು.

ಬೆಂಚಿನಲ್ಲಿದ್ದದ್ದು ಅವರ ಹೆತ್ತ ತಾಯಿ.

ಮಗಳ ಮನೆಯಲ್ಲೇ ಇದ್ದ ಆ ಮುದುಕಿ, ಕಾಲು ಹಿಡಿದುಕೊಳ್ಳುತ್ತದೆ, ನಾಲ್ಕು ಹೆಜ್ಜೆ ಹಾಕಿ ಬರುತ್ತೇನೆ ಎಂದು ದಿನವೂ ಮಗಳಿಗಿಂತ ಮೊದಲೇ ಮನೆ ಬಿಡುತ್ತಿದ್ದರು. ಪಕ್ಕದಲ್ಲಿದ್ದವರು ಕಾಜಾ ಮಾಸ್ತರು. ಬೀದಿಯ ತುದಿಯ ಟೈಲರ್ ಅಂಗಡಿಯಲ್ಲಿ ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿದೇ ಕಣ್ಣು ಮಂಜು ಮಾಡಿಕೊಂಡು, ಈಗ ಸೂಜಿ ಕೆಳಗಿಟ್ಟಿದ್ದ ವಿಧುರ. ಮಾಸ್ತರ ಕೈಯಲ್ಲಿ ಸುಲಿದ ಕಿತ್ತಳೆ ಇತ್ತು. ತೊಳೆಯ ನಾರು ಬಿಡಿಸಿ ಬಿಡಿಸಿ ಮುದುಕಿಗೆ ಕೊಡುತ್ತಿದ್ದವರು ಸೀಟಿಗೆ ಬೆಚ್ಚಿ ಒಂದು ತೊಳೆಯನ್ನು ತಮ್ಮ ಕನ್ನಡಕದ ಮೇಲೇ ಹಿಂಡಿಕೊಂಡರು.

ಮುದುಕಿ ಬೆಚ್ಚಲಿಲ್ಲ. "ಊದು, ಇನ್ನೂ ಜೋರಾಗಿ ಊದು. ಹುಟ್ಟಿದಾಗಿಂದ ನಿಂದು ಗಂಟಲೇ ದೊಡ್ಡದು" ಎಂದರು.

"ಅಮ್ಮಾ! ಏನಮ್ಮಾ ಇದು?"

"ಕಿತ್ತಳೆ. ಬೇಕಾ?"

ಕಂಡಕ್ಟರಮ್ಮನ ಬಾಯಿಂದ ಸೀಟಿ ಜಾರಿಬಿತ್ತು. ತಿರುಗಿ ನೋಡಿದರೆ ನಾವೆಲ್ಲ ಕತ್ತು ಚಾಚಿಕೊಂಡು ನಿಂತಿದ್ದೇವೆ. ಸರಸರನೆ ಗೇಟು ದಾಟಿ ಹೋದರು. ಅದೂ ಅವರೇ ಮಾಡಿದ ಕಾನೂನಿನ ಉಲ್ಟಾ ದಿಕ್ಕಿನಲ್ಲಿ.

ಅವರ ಮನೆಯಲ್ಲಿ ನಡೆದದ್ದು ನಮ್ಮ ಮನೆಗೂ ಕೇಳಿಸಿತು. ಗೋಡೆ ಒಂದೇ, ಅದೂ ತೆಳು. "ಈ ವಯಸ್ಸಲ್ಲಿ ಮದುವೆ ಮಾಡ್ಕೋತೀಯಾ ಹಾಗಾದ್ರೆ?" ಎಂದು ಮಗಳು ಕೂಗಿದರು.

"ಮದ್ವೆನಾ? ಒಂದು ಸಲ ಮಾಡ್ಕೊಂಡಿದ್ದೇ ಸಾಕಾಗಿದೆ. ಇನ್ನೊಬ್ರ ಬಟ್ಟೆ ಒಗೆಯೋಕೆ ನನಗೇನು ಹುಚ್ಚಾ?"

"ಮತ್ತೆ ಅಲ್ಲಿ ಕೂತ್ಕೊಂಡು ಏನ್ ಮಾಡ್ತೀಯ?"

"ಮಾತಾಡ್ತೀನಿ. ಈ ಮನೇಲಿ ನಿನ್ನ ಗಂಡ ಬಾಯಿ ಬಿಡಲ್ಲ, ನೀನು ಬಾಯಿ ಮುಚ್ಚಲ್ಲ. ನಾನು ಯಾರ ಹತ್ರ ಮಾತಾಡ್ಲಿ?"

ಗಡಿಯಾರದವರು ಆಗಲೂ ಬಾಯಿ ಬಿಡಲಿಲ್ಲ ಎಂದು ಕಾಣುತ್ತದೆ.

ಮಾರನೆಯ ದಿನದಿಂದ ಕಂಡಕ್ಟರಮ್ಮ ಪಾರ್ಕಿಗೆ ಬರುವುದನ್ನು ಬಿಟ್ಟರು. ಮುದುಕಿ ಬಿಡಲಿಲ್ಲ. ಸೀಟಿ ನಿಂತದ್ದೇ ತಡ, ಜನ ಬೇಕಾದ ದಿಕ್ಕಿಗೆ ನಡೆದರು, ಜೋಡಿಗಳು ಹಿಂಡುಹಿಂಡಾಗಿ ಮರಳಿದವು. ಅಧ್ಯಕ್ಷರಿಗೆ ನಿದ್ದೆ ಹಾರಿಹೋಯಿತು. ಎಲ್ಲ ಅನಾಚಾರಕ್ಕೂ ಆ ಬಿದಿರುಮೆಳೆಯ ಬೆಂಚೇ ಮೂಲ ಎಂದು ತೀರ್ಮಾನಿಸಿ, ಅದನ್ನು ಕಿತ್ತು ಗೇಟಿನ ಎದುರಿಗೆ ಹಾಕಿಸಲು ಸಂಘದ ಕೆಲವು ಗಟ್ಟಿ ಆಳುಗಳನ್ನು ಕರೆದುಕೊಂಡು ಹೋದರು. ಗಟ್ಟಿ ಎಂದರೆ, ಅವರಲ್ಲಿ ಹರ್ನಿಯಾ ಆಪರೇಷನ್ ಆಗದವರು.

ಬೆಂಚಿನ ಮೇಲೆ ಮುದುಕಿ ಕೂತಿದ್ದರು. ಏಳಿ ಎಂದರೆ ಏಳಲಿಲ್ಲ. ಮಾಸ್ತರು ಕೈಮುಗಿದುಕೊಂಡು ನಡುವೆ ನಿಂತರು. ಯಾರೋ ಓಡಿಹೋಗಿ ಕಂಡಕ್ಟರಮ್ಮನಿಗೆ ಸುದ್ದಿ ಮುಟ್ಟಿಸಿದರು. ಆಕೆ ಮನೆಯ ಚಪ್ಪಲಿಯಲ್ಲೇ ದಡದಡನೆ ಬಂದು ತಾಯಿಯ ರಟ್ಟೆ ಹಿಡಿದು, "ನಡಿ ಮನೆಗೆ. ಇನ್ನೂ ಎಷ್ಟು ಮಾನ ಕಳೀತೀಯ?" ಎಂದು ಎಳೆದರು. ಮುದುಕಿ ಏಳುವವರೇ ಇದ್ದರೇನೋ. ಅಷ್ಟರಲ್ಲಿ ಅಧ್ಯಕ್ಷರು ಸುಮ್ಮನಿರಲಾರದೆ, "ಕರ್ಕೊಂಡು ಹೋಗಿ ಮೇಡಂ. ಇಂಥವರಿಂದ ಪಾರ್ಕು ಕೆಡ್ತಾ ಇದೆ" ಎಂದುಬಿಟ್ಟರು.

ಕಂಡಕ್ಟರಮ್ಮ ತಾಯಿಯ ರಟ್ಟೆ ಬಿಟ್ಟರು.

"ಇಂಥವರು ಅಂದ್ರೆ?"

"ಅಲ್ಲ, ಅಂದ್ರೆ, ನಿಮಗೇ ಗೊತ್ತಲ್ಲ..."

"ನನಗೆ ಗೊತ್ತಿಲ್ಲ. ಬಿಡಿಸಿ ಹೇಳ್ರಿ. ನಮ್ಮಮ್ಮ ಎಂಥವಳು?"

ಅವರು ಒಂದೊಂದೇ ಹೆಜ್ಜೆ ಮುಂದಿಟ್ಟರು, ಅಧ್ಯಕ್ಷರು ಒಂದೊಂದೇ ಹೆಜ್ಜೆ ಹಿಂದಿಟ್ಟರು. ಮಳೆ ನಿಂತು ಹೆಚ್ಚು ದಿನವಾಗಿರಲಿಲ್ಲ. ಮೆಳೆಯ ಬುಡದಲ್ಲಿ ನೆಲ ಬಸಕ್ ಎಂದಿತು. ಅಧ್ಯಕ್ಷರ ಬಲಗಾಲು ಮೊಣಕಾಲಿನವರೆಗೆ ಹೂತುಹೋಯಿತು. ಯಾವ ಕಾಲದ್ದೋ ಕೊಳೆತ ವಾಸನೆಯೊಂದು ಮೇಲೆದ್ದು, ಗಟ್ಟಿ ಆಳುಗಳೆಲ್ಲ ಮೂಗು ಹಿಡಿದು ಹಿಂದೆ ಸರಿದರು.

ಮುಂದೆ ಹೋದದ್ದು ಕಂಡಕ್ಟರಮ್ಮ ಮತ್ತು ಕಾಜಾ ಮಾಸ್ತರು. ಇಬ್ಬರೂ ಒಂದೊಂದು ಕಂಕುಳಿಗೆ ಕೈಹಾಕಿದರು. "ಉಸಿರು ಬಿಗಿ ಹಿಡೀರಿ ಸಾರ್" ಎಂದು ಮಾಸ್ತರು. "ಹಿಡ್ಕೊಂಡೇ ಇದೀನಪ್ಪಾ, ಈ ನಾತಕ್ಕೆ!" ಎಂದು ಅಧ್ಯಕ್ಷರು. ಪಚಕ್ಕೆಂದು ಕಾಲು ಈಚೆ ಬಂತು. ಬಿಳಿ ಬೂಟು ಬರಲಿಲ್ಲ, ಬದಲಿಗೆ ಒಂದು ಹಳೇ ಸೈಕಲ್ ಟ್ಯೂಬು ಪಾದಕ್ಕೆ ಸುತ್ತಿಕೊಂಡು ಬಂತು. ಮುದುಕಿ ಬೆಂಚಿನ ಒಂದು ಪಕ್ಕಕ್ಕೆ ಸರಿದು, "ಬಾಪ್ಪಾ, ಸುಧಾರಿಸ್ಕೋ" ಎಂದು ಅವರನ್ನು ಕೂರಿಸಿಕೊಂಡು ಕೈಗೊಂದು ಕಿತ್ತಳೆ ತೊಳೆ ಇಟ್ಟರು. ಅಧ್ಯಕ್ಷರು ತಿಂದರು. ಆ ಸ್ಥಿತಿಯಲ್ಲಿ ಬೇರೇನು ಮಾಡಲೂ ಆಗುತ್ತಿರಲಿಲ್ಲ. ಬೆಂಚು ಕೀಳುವ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ. ಶಿಸ್ತು ಸಮಿತಿ ತನ್ನಷ್ಟಕ್ಕೇ ಕಣ್ಣುಮುಚ್ಚಿತು.

ಇದಾದ ಮೇಲೆ ಕಂಡಕ್ಟರಮ್ಮ ಮತ್ತೆ ಬರತೊಡಗಿದರು. ಬಿದಿರುಮೆಳೆಯ ಕಡೆಗೆ ಮಾತ್ರ ತಲೆ ಹಾಕುತ್ತಿರಲಿಲ್ಲ. ಅತ್ತ ಯಾರಾದರೂ ಇಣುಕಿದರೆ, "ಅಲ್ಲೇನ್ರಿ ನೋಡೋದು? ನಡೀರಿ" ಎಂದು ಗದರುತ್ತಿದ್ದರು. ಮಾಸ್ತರಿಗೂ ಅವರಿಗೂ ಮಾತುಕತೆ ಬೆಳೆಯಲಿಲ್ಲ. ಆದರೆ ಒಂದು ದಿನ ಗಂಡನ ಹರಿದ ಅಂಗಿಯನ್ನು ತಂದು, ಮುಖ ಬೇರೆ ಕಡೆ ತಿರುಗಿಸಿಕೊಂಡು ಮಾಸ್ತರ ಮುಂದೆ ಹಿಡಿದದ್ದನ್ನು ನಾನು ಕಂಡೆ. ಅವರು ಅದನ್ನು ಕಣ್ಣಿಗೆ ಅರ್ಧ ಅಡಿ ದೂರದಲ್ಲಿಟ್ಟುಕೊಂಡು ಹೊಲಿದುಕೊಟ್ಟರು. ಹೊಲಿಗೆ ಸೊಟ್ಟವಾಗಿತ್ತು. ಗಡಿಯಾರದವರು ಅದನ್ನೇ ಹಾಕಿಕೊಂಡು ಓಡಾಡಿದರು.

ಮುಂದಿನ ಚಳಿಗಾಲದಲ್ಲಿ ಕಾಜಾ ಮಾಸ್ತರು ತೀರಿಕೊಂಡರು. ಎರಡು ದಿನ ಜ್ವರ, ಮೂರನೆಯ ದಿನ ಇಲ್ಲ.

ಸುದ್ದಿ ತಿಳಿದಾಗ ಮುದುಕಿ ಅಳಲಿಲ್ಲ. ಸೀರೆ ಬದಲಾಯಿಸಿ ಹೊಸ್ತಿಲ ಹತ್ತಿರ ನಿಂತರು. ಹೋಗಬೇಕು, ಆದರೆ ಅವರು ನಿಮಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಏನೆಂದು ಹೇಳುವುದು? ಹೆಂಡತಿಯಲ್ಲ, ತಂಗಿಯಲ್ಲ, ನೆಂಟಳಲ್ಲ. ಕಂಡಕ್ಟರಮ್ಮ ಒಂದು ಗಳಿಗೆ ತಾಯಿಯ ಮುಖ ನೋಡಿ, ಆಮೇಲೆ ಚಪ್ಪಲಿ ಮೆಟ್ಟಿ, "ಬಾ" ಎಂದರು.

ಮಾಸ್ತರ ಮನೆ ಚಿಕ್ಕದು, ಜನ ಕಿಕ್ಕಿರಿದಿದ್ದರು. ಬಾಗಿಲಲ್ಲೇ ಸೊಸೆ, "ನೀವು ಯಾರು ಅಂತ ಗೊತ್ತಾಗ್ಲಿಲ್ಲ?" ಎಂದು ಕೇಳಿದಳು. ಮುದುಕಿ ಮಗಳ ಕಡೆ ತಿರುಗಿದರು.

"ಇವರು ನಿಮ್ಮ ಮಾವನೋರ ಸ್ನೇಹಿತರು" ಎಂದರು ಕಂಡಕ್ಟರಮ್ಮ. ಆಮೇಲೆ ಒಳಗೆ ನುಗ್ಗಿ, ಆ ಮನೆಯವರಿಗೆ ಗೊತ್ತಿಲ್ಲದ, ನಮಗೆಲ್ಲ ಚೆನ್ನಾಗಿ ಗೊತ್ತಿದ್ದ ದನಿಯಲ್ಲಿ, "ಸ್ವಲ್ಪ ಜಾಗ ಬಿಡ್ರಿ, ವಯಸ್ಸಾದೋರು ಬರ್ತಾ ಇದಾರೆ. ಆ ಕಡೆ ಸರೀರಿ" ಎಂದರು. ಸಾವಿನ ಮನೆಯ ಜನ ಬಸ್ಸಿನ ಜನರ ಹಾಗೆಯೇ ತಕರಾರಿಲ್ಲದೆ ಸರಿದರು. ತಾಯಿಯನ್ನು ಮಾಸ್ತರ ತಲೆಯ ಹತ್ತಿರವೇ ಕೂರಿಸಿ, ತಾವು ಹಿಂದೆ ನಿಂತರು. ಎಲ್ಲ ಮುಗಿಯುವವರೆಗೂ ಹಾಗೆಯೇ ನಿಂತಿದ್ದರು.

ಕೆಲವು ದಿನ ಮುದುಕಿ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೆ ಒಂದು ಸಂಜೆ ತಾಯಿ ಮಗಳಿಬ್ಬರೂ ಬಿದಿರುಮೆಳೆಯ ಬೆಂಚಿನಲ್ಲಿ ಕೂತಿದ್ದರು. ಕಂಡಕ್ಟರಮ್ಮ ಅಲ್ಲಿ ಕೂತದ್ದು ಅದೇ ಮೊದಲು. ಮೌನ ಅವರಿಗೆ ಒಗ್ಗಿದ್ದಲ್ಲ. ಬಸ್ಸಿನ ಕತೆ, ಡ್ರೈವರುಗಳ ಕತೆ ಎಲ್ಲ ಒಂದೇ ಉಸಿರಿಗೆ ಹೇಳತೊಡಗಿದರು. ಮುದುಕಿ ಸ್ವಲ್ಪ ಹೊತ್ತು ಕೇಳಿ, "ಅವರು ಇಷ್ಟೊಂದು ಮಾತಾಡ್ತಿರಲಿಲ್ಲ ಕಣೆ. ಕೇಳಿಸ್ಕೋತಿದ್ರು" ಎಂದರು.

ಕಂಡಕ್ಟರಮ್ಮ ಬಾಯಿ ಮುಚ್ಚಿದರು. ಬಹಳ ಕಷ್ಟಪಟ್ಟು, ಎರಡೂ ತುಟಿ ಒತ್ತಿ ಹಿಡಿದು ಕೂತಿದ್ದರು. ಕಡೆಗೆ ಮುದುಕಿಯೇ ಶುರುಮಾಡಿದರು.

"ನಿಮ್ಮಪ್ಪನ್ನ ನಾನು ಮೊದಲು ಎಲ್ಲಿ ನೋಡಿದ್ದು ಗೊತ್ತಾ ನಿನಗೆ?"

"ಮನೇಲಿ ಹೆಣ್ಣು ನೋಡೋಕೆ ಬಂದಾಗ ಅಲ್ವಾ?"

"ಅದಕ್ಕಿಂತ ಮೊದ್ಲು" ಎಂದು ಮುದುಕಿ ಸುತ್ತ ಒಮ್ಮೆ ನೋಡಿ, ಮಗಳ ಕಿವಿಯ ಹತ್ತಿರಕ್ಕೆ ಬಾಗಿದರು.

ನಾನು ಎಷ್ಟು ನಿಧಾನವಾಗಿ ನಡೆದರೂ ಮುಂದಿನದು ಕೇಳಿಸಲಿಲ್ಲ. ಇನ್ನೊಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಕಂಡಕ್ಟರಮ್ಮ, "ಅಯ್ಯೋ ಅಮ್ಮಾ!" ಎಂದು ಬಾಯಿಗೆ ಸೆರಗು ಒತ್ತಿಕೊಂಡು, ಮುಖವೆಲ್ಲ ಕೆಂಪಾಗಿ ಕಿಸಿಕಿಸಿ ನಗುತ್ತಿದ್ದರು.