ಗಂಟು ಕಟ್ಟು, ಊರು ಬಿಡು

ಬೈಯುವುದು ನನ್ನ ಕಸುಬು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಇಪ್ಪತ್ತೆರಡು ವರ್ಷ ಹರದೇಶಿ ಮೇಳದಲ್ಲಿ ದಪ್ಪು ಹಿಡಿದು ಹಾಡಿದವನು ನಾನು. ಹರದೇಶಿಯವರು ಗಂಡು ಹೆಚ್ಚು ಎನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನಬೇಕು. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ನಡುನಡುವೆ ಎದುರಿನವನ ಮೀಸೆ, ನಡಿಗೆ, ಅವನಿಗೆ ಕಲಿಸಿದ ಗುರು, ಯಾವುದನ್ನೂ ಬಿಡದೆ ಜಾಲಾಡಬೇಕು. ಮುಗಿದ ಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣಬೇಕು. ಉಣ್ಣದೆ ಎದ್ದು ಹೋದವನನ್ನು ಮತ್ತೆ ಯಾವ ಊರಿನವರೂ ಕರೆಯುತ್ತಿರಲಿಲ್ಲ.

ಅಷ್ಟೂ ವರ್ಷ ನನ್ನ ಎದುರು ನಾಗೇಶಿ ಹಾಡಿದವನು ಝಳಕಿಯ ಒಬ್ಬ ಮುಸ್ಲಿಂ ಗೆಳೆಯ. ಹಗಲು ಲಿಂಬೆಹಣ್ಣಿನ ವ್ಯಾಪಾರ, ಕರೆ ಬಂದಾಗ ಪದ. ನನ್ನ ಪದಗಳು ನನಗಿಂತ ಅವನಿಗೇ ಚೆನ್ನಾಗಿ ಬಾಯಿಪಾಠ. ಒಮ್ಮೆ ಸಿಂದಗಿ ಕಡೆ ನನಗೆ ಜ್ವರ ಬಂದು ಗಂಟಲು ಕಟ್ಟಿದಾಗ, ಎರಡೂ ಕಡೆಯ ಪದ ಅವನೇ ಹಾಡಿದ್ದ. ತನ್ನನ್ನು ತಾನೇ ಬೈದುಕೊಂಡದ್ದು ನಾನು ಬೈಯುವುದಕ್ಕಿಂತ ಖಾರವಾಗಿತ್ತು. ಹೊಟ್ಟೆಕಿಚ್ಚಾಯಿತು ನನಗೆ.

ಚುನಾವಣೆ ಹತ್ತಿರವಿದ್ದಾಗ ಮುದ್ದೇಬಿಹಾಳದ ಕಡೆಯ ಒಂದು ಊರಿನಲ್ಲಿ ಮಧ್ಯಾಹ್ನ ನಮ್ಮ ಹಾಡಿಕೆ ಇತ್ತು. ನಾನು ಎಂದಿನ ಸವಾಲು ಹಾಕಿದೆ: 'ಗಂಟು ಕಟ್ಟು, ಊರು ಬಿಡು, ನಿಂದಿಲ್ಲಿ ಏನೈತಿ?' ಸೋಲುತ್ತಿರುವ ಮೇಳಕ್ಕೆ ನಾವೆಲ್ಲ ಹೇಳುವ ಮಾತೇ ಅದು. ಅವನೂ ನನಗೆ ನೂರು ಸಲ ಹೇಳಿದ್ದಾನೆ. ಅವನು ಟೊಪ್ಪಿಗೆ ಸರಿಮಾಡಿಕೊಂಡು, 'ನಾ ಹೋದರ ನಿನ್ನ ಬೈಗುಳಾ ಯಾರು ಕೇಳ್ಯಾರು?' ಎಂದು ಜವಾಬು ಕೊಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಂದೇ ತಾಟಿನಲ್ಲಿ ರೊಟ್ಟಿ ಮುರಿದೆವು.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಮೂರನೇ ದಿನಕ್ಕೆ ಅದರ ತುಣುಕು ಇಂಡಿ ತಾಲ್ಲೂಕಿನ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ನನ್ನ ಸವಾಲಷ್ಟೇ ಇತ್ತು. ಜವಾಬು ಇಲ್ಲ, ನಗು ಇಲ್ಲ, ತಾಟು ಇಲ್ಲ. ನನ್ನ ಹಣೆಯ ಕುಂಕುಮ, ಅವನ ಟೊಪ್ಪಿಗೆ, ನನ್ನ ಚಾಚಿದ ಬೆರಳು. ಕೆಳಗೆ ಕಮೆಂಟುಗಳ ಸುರಿಮಳೆ. ಒಂದು ಪಕ್ಷದವರಿಗೆ ನಾನು ಹುಲಿ, ಇನ್ನೊಂದು ಪಕ್ಷದವರಿಗೆ ಮಾರಿಕೊಂಡವನು. ಕೂತು ಎಲ್ಲವನ್ನೂ ಓದಿದೆ. ಏನು ಬೈಗುಳವೋ! ಪ್ರಾಸವಿಲ್ಲ, ತಾಳವಿಲ್ಲ, ಎದುರಿಗೆ ಆಳೂ ಇಲ್ಲ. ಯಾರಿಗೂ ಜವಾಬು ಬೇಕಾಗಿಯೇ ಇರಲಿಲ್ಲ.

ಇಷ್ಟೇ ಆಗಿದ್ದರೆ ಊರನ್ನು ಬೈದುಕೊಂಡು ಸುಮ್ಮನಿರಬಹುದಿತ್ತು. ಆದರೆ ನಾನು ಮಾಡಿದ್ದೂ ಇದೆ. ಹುಲಿ ಎಂದ ಪಕ್ಷದ ಕಾರ್ಯಕರ್ತರು ಮನೆಗೇ ಬಂದರು. ಶಾಲು ಹೊದಿಸಿ, ಮಾಲೆ ಹಾಕಿ, ಫೋಟೊ ತೆಗೆದರು. ಅರ್ಧ ಆಯುಷ್ಯ ದಪ್ಪು ಬಡಿದರೂ ಯಾರೂ ನನ್ನ ಹೊಸ್ತಿಲಿಗೆ ಶಾಲು ತಂದವರಲ್ಲ. 'ಅದು ಬರೇ ಪದಾ ಐತ್ರಿ, ಅಂವ ನನ್ನ ದೋಸ್ತ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಫೋಟೊಕ್ಕೆ ನಕ್ಕೆ ಕೂಡ.

ಚುನಾವಣೆ ಮುಗಿಯಿತು, ತುಣುಕು ಮಾತ್ರ ಮುಗಿಯಲಿಲ್ಲ. ಎಲ್ಲಿ ಏನು ಜಗಳವಾದರೂ ಅದನ್ನೇ ಮತ್ತೆ ಹರಿಬಿಡುತ್ತಿದ್ದರು. ಹೀಗಿರುವಾಗ ಬಸವನ ಬಾಗೇವಾಡಿಯ ಹತ್ತಿರದ ಊರಿನವರು ಹಾಡಿಕೆಗೆ ಕರೆದರು. ನೀವಿಬ್ಬರೂ ಬಂದರಷ್ಟೇ ಬೇಕು, ಒಬ್ಬರೇ ಬರುವುದಾದರೆ ಬೇಡ ಎಂದರು. ಅವನು ಫೋನ್ ಎತ್ತುತ್ತಿರಲಿಲ್ಲ. ಬಸ್ಸು ಹತ್ತಿ ಝಳಕಿಗೆ ಹೋದೆ.

ಮನೆಯಲ್ಲೇ ಇದ್ದ. ಬಾ ಎಂದ, ಚಾಪೆ ಹಾಸಿದ. ಅವನ ಹೆಂಡತಿ ಚಹಾ ಇಟ್ಟು, ಬೀದಿಯ ಕಡೆಯ ಕಿಟಕಿ ಮುಚ್ಚಿದರು. ಯಾವಾಗಲೂ 'ಮತ್ತ ಬೈಯಾಕ ಬಂದ್ರೇನ್ರಿ ಅಣ್ಣಾರ' ಎಂದು ನಗುತ್ತಿದ್ದ ಹೆಂಗಸು.

'ನಂದು ತಪ್ಪಾತೋ ದೋಸ್ತ,' ಎಂದೆ. 'ಹೇಳಬೇಕಿತ್ತು, ಹೇಳಲಿಲ್ಲ.'

'ಹೌದು, ಹೇಳಬೇಕಿತ್ತು,' ಎಂದ. ಸಿಟ್ಟಿನಿಂದಲ್ಲ.

ಬಾಗೇವಾಡಿಯ ಕರೆಯ ಸುದ್ದಿ ತಿಳಿಸಿದೆ. 'ಬರ್ತೀಯೇನು?'

ಚಹಾ ಮುಗಿಸಿ ಕಪ್ಪು ಕೆಳಗಿಟ್ಟ. 'ಬಂದು ಏನ್ ಮಾಡಲೋ? ನೀ ಬೈ, ನಾ ಕುಂತು ಕೇಳ್ತೇನಿ. ಜವಾಬು ಕೊಡೂದು ನನ್ನಿಂದ ಆಗಂಗಿಲ್ಲ.'

'ಯಾಕ? ನಿನ್ನ ಜವಾಬು ಕೇಳಾಕನ ಮಂದಿ ಬರ್ತಾರ.'

'ನೀ ಬೈದದ್ದು ಕತ್ತರಿಸಿ ಬಿಟ್ರು. ನಿನ್ನ ಮನಿಗೆ ಶಾಲು ಬಂತು,' ಎಂದ. 'ನಾ ಬೈದದ್ದು ಕತ್ತರಿಸಿ ಬಿಟ್ರ, ನನ್ನ ಮನಿಗೆ ಏನ್ ಬರತೈತಿ? ನೀನ ಹೇಳು.'

ಅವನು ಹಾಕಿದ ಸವಾಲಿಗೆ ನಾನು ಬಾಯಿ ಕಟ್ಟಿ ಕೂತದ್ದು ಅದೇ ಮೊದಲು. ಜವಾಬು ನನಗೆ ಗೊತ್ತಿತ್ತು. ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದ ಅವನ ಹೆಂಡತಿಗೂ ಗೊತ್ತಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಬಸ್ ನಿಲ್ದಾಣದಿಂದಲೇ ಹಾಡಿಕೆಗೆ ಕರೆದಿದ್ದ ಊರಿನವರಿಗೆ ಫೋನ್ ಮಾಡಿದೆ. ನಮ್ಮಿಬ್ಬರಿಗೂ ದನಿ ಬಿದ್ದುಹೋಗಿದೆ, ಬೇರೆ ಮೇಳ ನೋಡಿಕೊಳ್ಳಿ ಎಂದೆ.