ಸಮಾಧಿಯೊಳಗಿನ ಫೋನು

ನನ್ನ ಗಂಡ ಅಚ್ಚುಕಟ್ಟಿನ ಮನುಷ್ಯ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಅಂಗಡಿಯಿಂದ ಬಂದರೆ ಚಪ್ಪಲಿಯನ್ನೂ ಗೋಡೆಗೆ ಸಮನಾಗಿ ಬಿಡುತ್ತಿದ್ದರು. ಒಮ್ಮೆ ಎದೆನೋವು ಬಂದುಹೋದ ಮೇಲೆ ತಮ್ಮ ಪಾಸ್‌ವರ್ಡುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ದೇವರ ಗೂಡಿನಲ್ಲಿ ವಿಭೂತಿಯ ಪಕ್ಕ ಇಟ್ಟರು.

"ನಾನು ಹೋದ್ಮೇಲೆ ಇದನ್ನ ತೆಗಿ ಕಣೇ," ಎಂದರು ಒಂದು ಬೆಳಿಗ್ಗೆ, ನಾನು ರೊಟ್ಟಿ ತಟ್ಟುವಾಗ. "ಆದ್ರೆ ಪುಸ್ತಕ ಒಂದೇ ಸಾಲಲ್ಲ. ಫೋನಲ್ಲಿ ಇನ್ನೊಂದು ಐತೆ..."

"ಬಿಡ್ತು ಅನ್ರೀ," ಎಂದೆ. ಅನ್ನಿಸುವವರೆಗೂ ಬಿಡಲಿಲ್ಲ. ಆಮೇಲೂ ಎರಡು ಮೂರು ಸಲ ಮಾತು ತೆಗೆದರು, ಪ್ರತಿಸಲವೂ ಬಾಯಿ ಮುಚ್ಚಿಸಿದೆ. ಸಾವಿನ ಮಾತಾಡಿದರೆ ಸಾವು ಬರುತ್ತದೆಂದು ನಂಬಿದವಳು ನಾನು. ಆಡದಿದ್ದರೂ ಬಂತು.

ಹೋದವರನ್ನು ಕೂರಿಸಿ ಸಮಾಧಿ ಮಾಡುವುದು ನಮ್ಮ ಪದ್ಧತಿ. ಅವರಿಗೆ ಇಷ್ಟವಾದದ್ದನ್ನು ಜೊತೆಗೆ ಇಡುತ್ತೇವೆ. ಮಾವನವರಿಗೆ ನಶ್ಯದ ಡಬ್ಬಿ ಇಟ್ಟಿದ್ದೆವು. ಇವರ ಜೇಬಿಗೆ ಫೋನನ್ನು ನಾನೇ ನನ್ನ ಕೈಯಾರೆ ಸೇರಿಸಿದೆ. ಅದಿಲ್ಲದೆ ಊಟಕ್ಕೂ ಕೂತವರಲ್ಲ. ಮೇಲೆ ಉಪ್ಪು, ವಿಭೂತಿ, ಮಣ್ಣು ಬಿತ್ತು. ಒಳ್ಳೇದು ಮಾಡಿದೆ ಎಂದು ನೆಂಟರೆಲ್ಲ ಹೇಳಿದರು.

ನಮಗಿದ್ದವಳು ಒಬ್ಬಳೇ ಮಗಳು. ಏಳನೇ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡಳು. ಹಳೇಬೀಡಿನ ಗುಡಿಯಲ್ಲಿ ಗೋಡೆಯ ಆನೆಸಾಲನ್ನು ಬೆರಳಿಟ್ಟು ಎಣಿಸುತ್ತಾ, ಲೆಕ್ಕ ತಪ್ಪಿ, "ಅಪ್ಪಾ, ಮತ್ತೆ ಒಂದರಿಂದ" ಎನ್ನುವ ವಿಡಿಯೊ ಒಂದಿತ್ತು. ಅವಳ ದನಿ ಉಳಿದದ್ದು ಅದೊಂದರಲ್ಲೇ, ಅದು ಇದ್ದದ್ದು ಅವರ ಆನ್‌ಲೈನ್ ಖಾತೆಯಲ್ಲಿ. ನನಗೆ ಬೇಕಿದ್ದದ್ದು ಅಷ್ಟೇ.

ತಿಂಗಳಾದ ಮೇಲೆ ಮಾದಿಹಳ್ಳಿಯಿಂದ ಬಂದ ನನ್ನ ತಂಗಿ ನೋಟ್‌ಬುಕ್ಕು ನೋಡಿ ತನ್ನ ಫೋನಿನಲ್ಲಿ ಪಾಸ್‌ವರ್ಡು ಹಾಕಿದಳು. ಸರಿಯಾಗಿಯೇ ಇತ್ತು.

"ಭಾವನ ಫೋನ್ ಕೊಡಕ್ಕ. ಅದ್ರಲ್ಲಿರೋ ಕೋಡು ಕೇಳ್ತೈತೆ."

ಫೋನು ಅವರ ಜೊತೆ ಸಮಾಧಿಯಲ್ಲಿದೆ ಎಂದೆ.

ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿದೆವು. ಪ್ರಯೋಜನವಾಗಲಿಲ್ಲ. ಆ ಕೋಡು ಮೆಸೇಜಿನಲ್ಲಿ ಬರುವುದಲ್ಲವಂತೆ, ಆ ಫೋನಿನೊಳಗೇ ಹುಟ್ಟುವುದಂತೆ. ಬಸ್‌ಸ್ಟ್ಯಾಂಡಿನ ಹತ್ತಿರದ ಫೋನ್ ರಿಪೇರಿಯವನನ್ನು ಕೇಳಿದೆ.

"ಉಪ್ಪಲ್ಲಿತ್ತಾ? ಏನೂ ಉಳಿದಿರಲ್ಲ ಕಣಮ್ಮ," ಎಂದ.

ಅವನು ಹೂಂ ಅಂದಿದ್ದರೆ ಅಗೆಸುತ್ತಿದ್ದೆ. ಮಠದವರು, ನೆಂಟರು ಯಾರು ಏನೆಂದರೂ ಅಗೆಸುತ್ತಿದ್ದೆ.

ನೋಟ್‌ಬುಕ್ಕಿನ ಕೊನೆಯ ಪುಟ ನೋಡಿದ್ದು ಆಮೇಲೆ. ಮೇಲೆ ಗೆರೆ ಹಾಕಿ "ಫೋನಿನ ಕೋಡು" ಎಂದು ಬರೆದಿದ್ದರು. ಕೆಳಗೆ ಒಂದೇ ಸಾಲು: "ಅವಳು ಕೇಳಿಸಿಕೊಂಡ ದಿನ ಹೇಳುವುದು."

ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ.

ಹೋದ ವಾರ ಹಳೇಬೀಡಿಗೆ ಹೋಗಿದ್ದೆ. ಆ ಗೋಡೆಯ ಮುಂದೆ ಬಗ್ಗಿ, ಬೆರಳಿಟ್ಟು ಎಣಿಸಿದೆ. ಎಷ್ಟನೇ ಆನೆಗೆ ಅವಳ ಲೆಕ್ಕ ತಪ್ಪುತ್ತಿತ್ತೆಂದು ನೆನಪಾಗಲಿಲ್ಲ. "ಮತ್ತೆ ಒಂದರಿಂದ" ಎಂದು ನಾನೇ ಮೆಲ್ಲಗೆ ಹೇಳಿ ನೋಡಿದೆ. ಕೇಳಿಸಿದ್ದು ನನ್ನ ದನಿ.